ಹಳೆ ಜೀಪಿನ ಗೇರ್ ಆಯಿಲ್ ಸೋರಿಕೆ: ಸೀಲ್ ಬಿಚ್ಚುವ ಮೊದಲು

ಹಳೆ ಮಹೀಂದ್ರ ಜೀಪು ಇಟ್ಟುಕೊಂಡವರ ಶೆಡ್ಡಿನ ನೆಲ ನೋಡಿದರೆ ಸಾಕು, ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಮಲೆನಾಡು, ಕೊಡಗಿನ ತೋಟಗಳಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಪಂಪ್‌ಸೆಟ್ ಹೊತ್ತು ಇಂದಿಗೂ ಓಡುತ್ತಿರುವ ಈ ಫೋರ್ ವೀಲ್ ಗಾಡಿಗಳು ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: 'ಸೀಲ್ ಹೋಗಿದೆ ಸಾರ್.' ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆಯೇ ಸೀಲ್. ಹೊಸತು ಹಾಕಿಸುತ್ತೇವೆ. ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಕಲೆ. ಸೀಲ್ ಅಗ್ಗದ ವಸ್ತು, ಅದನ್ನು ಹಾಕಲು ಗೇರ್ ಬಾಕ್ಸ್ ಇಳಿಸುವ ಕೂಲಿ ಅಗ್ಗದ್ದಲ್ಲ. ಹಾಗಾಗಿ ಬಿಚ್ಚುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಆಯಿಲ್ ಎಲ್ಲಿಂದ ಹೊರಡುತ್ತಿದೆ, ಯಾಕೆ ಹೊರಡುತ್ತಿದೆ? ಎರಡನೆಯದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಕೆಲಸ ಎರಡೆರಡು ಸಲ ಆಗುತ್ತದೆ.

ಇಲ್ಲಿ ಮುಖ್ಯವಾಗಿ ಸಿಜೆ, ಎಂಎಂ 540 ತರಹದ ಹಳೆ ಮಹೀಂದ್ರಗಳನ್ನು ಇಟ್ಟುಕೊಂಡು ಬರೆದಿದ್ದೇನೆ. ಮಾರುತಿ ಜಿಪ್ಸಿಯವರಿಗೂ ಬಹುಪಾಲು ಅನ್ವಯಿಸುತ್ತದೆ, ಬೇರೆಯಾಗುವ ಕಡೆ ಹೇಳುತ್ತೇನೆ.

ಆಯಿಲ್ ಎಲ್ಲೆಲ್ಲಿದೆ

ಗಾಡಿಯಡಿ ಗೇರ್ ಆಯಿಲ್ ತುಂಬಿದ ಪೆಟ್ಟಿಗೆಗಳು ನಾಲ್ಕು. ಗೇರ್ ಬಾಕ್ಸ್, ಅದರ ಹಿಂದೆ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ (ಎಡ ಬಲ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆ). ನಾಲ್ಕಕ್ಕೂ ಬೇರೆ ಬೇರೆ ಲೆವೆಲ್ ಪ್ಲಗ್. ಇದಲ್ಲದೆ ಮುಂದಿನ ಎರಡು ಚಕ್ರಗಳ ಒಳಬದಿಯ ಗುಂಡನೆಯ ನಕಲ್‌ಗಳಲ್ಲಿ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಗ್ರೀಸ್ ಇರುತ್ತದೆ. ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ನೇರವಾಗಿ ಗೇರ್ ಬಾಕ್ಸಿನ ಬೆನ್ನಿಗೆ ಬೋಲ್ಟ್ ಆಗಿರುತ್ತದೆ, ಗೇರ್ ಬಾಕ್ಸಿನ ಶಾಫ್ಟೇ ಅದರೊಳಕ್ಕೆ ಹೋಗುತ್ತದೆ. ಜಿಪ್ಸಿಯಲ್ಲಿ ಎರಡೂ ದೂರ ದೂರ, ನಡುವೆ ಚಿಕ್ಕದೊಂದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಶಕ್ತಿ ಒಯ್ಯುವ ತಿರುಗುವ ದಂಡ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಗಾಡಿಯಡಿ ಹೋಗುವ ಮುನ್ನ

ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಬೇಕಾದರೆ ಜಾಕಿಯನ್ನೇ ನಂಬಿ ಒಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಇನ್ನೊಂದು ವಿಷಯ ಹಳೆ ಜೀಪುಗಳಿಗೇ ಸೇರಿದ್ದು. ಇವುಗಳಲ್ಲಿ ಹಲವಕ್ಕೆ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದಿರೋ, ಶಾಫ್ಟ್ ನಿಂತೇ ಇದ್ದರೂ ಎತ್ತಿದ ಚಕ್ರ ಒಂದು ಕಡೆ, ನೆಲದಲ್ಲಿರುವ ಚಕ್ರ ಇನ್ನೊಂದು ಕಡೆ ತಿರುಗಬಹುದು. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಜಾರುತ್ತದೆ. ಕಲ್ಲು ಕೊಡದೆ ಎತ್ತುವ ಮಾತೇ ಬೇಡ.

1. ಇದು ಗೇರ್ ಆಯಿಲ್ಲೇ ಹೌದೇ?

ರಾತ್ರಿ ಗಾಡಿಯಡಿ ರಟ್ಟು ಹಾಸಿ, ನಾಲ್ಕು ಚಕ್ರಗಳ ಜಾಗವನ್ನು ಪೆನ್ನಿನಲ್ಲಿ ಗುರುತು ಮಾಡಿಡಿ. ಬೆಳಿಗ್ಗೆ ಹನಿ ಬಿದ್ದ ಜಾಗದ ನಕ್ಷೆಯೇ ಸಿಗುತ್ತದೆ. ಆಮೇಲೆ ಬೆರಳಿಗೆ ಒಂದು ಹನಿ ತೆಗೆದುಕೊಂಡು ಮೂಸಿ. ಗೇರ್ ಆಯಿಲ್ಲಿಗೆ ಗಂಧಕದ ಕಟು ವಾಸನೆ ಇರುತ್ತದೆ. ಹಲ್ಲುಗಳ ಮೇಲಿನ ಒತ್ತಡ ತಡೆಯಲು ಅದಕ್ಕೆ ಸೇರಿಸುವ ಗಂಧಕ, ರಂಜಕದ ರಾಸಾಯನಿಕಗಳ ವಾಸನೆ ಅದು. ಒಮ್ಮೆ ಮೂಸಿದವರು ಮರೆಯುವುದಿಲ್ಲ, ಕೈ ತೊಳೆದರೂ ಊಟದ ಹೊತ್ತಿಗೆ ನೆನಪಿಸುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿ ಕಪ್ಪು, ಸುಟ್ಟ ವಾಸನೆ. ಬ್ರೇಕ್ ಆಯಿಲ್ ನೀರಿನಷ್ಟು ತೆಳು, ಬಿದ್ದಲ್ಲಿ ಪೇಂಟ್ ಎಬ್ಬಿಸುತ್ತದೆ. ಅದು ಸೋರುತ್ತಿದ್ದರೆ ಈ ಲೇಖನ ಅಲ್ಲೇ ಬಿಟ್ಟು ಮೊದಲು ಬ್ರೇಕ್ ರಿಪೇರಿ ಮಾಡಿಸಿ.

2. ಎಷ್ಟು ಸೋರುತ್ತಿದೆ?

ಜೀಪು ಹುಟ್ಟಿದ್ದೇ ಸೇನೆಗಾಗಿ. ಅಮೆರಿಕದ ಸೇನೆಯ ವಾಹನ ಕೈಪಿಡಿಗಳಲ್ಲಿ ಸೋರಿಕೆಗೆ ಮೂರು ದರ್ಜೆ ಇದೆ, ನಮಗೂ ಅದೇ ಸಾಕು. ಒದ್ದೆಯಾಗಿ ಧೂಳು ಹಿಡಿದಿದೆ, ಆದರೆ ಹನಿ ಕಟ್ಟಿಲ್ಲ ಎಂದಾದರೆ ಒಂದನೇ ದರ್ಜೆ. ಹನಿ ಕಟ್ಟಿದೆ, ಬೀಳುತ್ತಿಲ್ಲ ಅಂದರೆ ಎರಡನೆಯದು. ಹನಿ ಕಟ್ಟಿ ಬೀಳುತ್ತಿದ್ದರೆ ಮೂರನೆಯದು. ಮೂವತ್ತು ವರ್ಷದ ಗಾಡಿಯಲ್ಲಿ ಒಂದನೇ ದರ್ಜೆಯ ಬೆವರಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಲೆವೆಲ್ ನೋಡುತ್ತಿದ್ದರಾಯಿತು. ಚಕ್ರದ ಬ್ರೇಕ್ ಡ್ರಮ್ಮಿನ ಬಳಿ ಮಾತ್ರ ಈ ರಿಯಾಯಿತಿ ಇಲ್ಲ. ಅಲ್ಲಿ ಬರೀ ಒದ್ದೆ ಕಂಡರೂ ಬಿಚ್ಚಿ ನೋಡಲೇಬೇಕು.

3. ತೊಳೆಯುವ ಮೊದಲು ಲೆವೆಲ್ ಮತ್ತು ಬ್ರೀದರ್

ನಾಲ್ಕೂ ಲೆವೆಲ್ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ತೂತಿನ ಕೆಳಗಿನ ಅಂಚಿನ ಮಟ್ಟಕ್ಕೆ ಆಯಿಲ್ ಇರಬೇಕು. ಕಿರುಬೆರಳನ್ನು ಒಳಗೆ ಮಡಚಿದರೆ ತುದಿ ತಾಗಬೇಕು. ಡ್ರೈನ್ ಪ್ಲಗ್ಗಿಗೆ ಸ್ಪ್ಯಾನರ್ ಹಾಕುವ ಮೊದಲು ಲೆವೆಲ್ ಪ್ಲಗ್ ಬಿಚ್ಚಿ ಬರುತ್ತದೆಯೇ ನೋಡಿಕೊಳ್ಳಿ. ಆಯಿಲ್ ಇಳಿಸಿ ಆದ ಮೇಲೆ ಮೇಲಿನ ಪ್ಲಗ್ ಹಟ ಹಿಡಿದರೆ ಗಾಡಿ ಅಲ್ಲೇ ಕೂತಿತು.

ಲೆವೆಲ್ ಹೆಚ್ಚಾಗಿದ್ದರೂ ಸೋರುತ್ತದೆ. 'ಇರಲಿ, ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ' ಎಂದು ಗಾಡಿ ಓರೆಯಾಗಿ ನಿಂತಿರುವಾಗ ತುಂಬಿಸಿದ ಹೌಸಿಂಗ್‌ನಿಂದ ಆಯಿಲ್ ಆಕ್ಸಲ್ ಟ್ಯೂಬಿಗೆ ನುಗ್ಗಿ ಚಕ್ರದ ಸೀಲ್ ಮೇಲೆ ಬಂದು ಕೂರುತ್ತದೆ. ಇಳಿಜಾರಿನಲ್ಲಿ ಅಡ್ಡಲಾಗಿ ನಿಲ್ಲಿಸುವ ಅಭ್ಯಾಸವಿದ್ದರೆ ಯಾವಾಗಲೂ ತಗ್ಗಿನ ಬದಿಯ ಚಕ್ರವೇ ಒದ್ದೆಯಾಗುವುದನ್ನು ಗಮನಿಸಿರಬಹುದು. ಒಂದು ವಾರ ಗಾಡಿಯ ಮುಖ ತಿರುಗಿಸಿ ನಿಲ್ಲಿಸಿ, ಒದ್ದೆಯೂ ಆಚೆ ಬದಿಗೆ ಹೋದರೆ ಸೀಲ್ ಜತೆ ಲೆವೆಲ್ಲನ್ನೂ ಅನುಮಾನಿಸಿ.

ಇನ್ನು ಬ್ರೀದರ್. ಈ ಇಡೀ ಲೇಖನದಲ್ಲಿ ಒಂದೇ ಒಂದು ಸಲಹೆ ಉಳಿಸಿಕೊಳ್ಳಿ ಎಂದರೆ ಇದನ್ನೇ ಹೇಳುತ್ತೇನೆ. ಹೌಸಿಂಗ್ ಟ್ಯೂಬಿನ ಮೇಲೆ ಬೆರಳು ಗಾತ್ರದ ಚಿಕ್ಕ ಟೋಪಿಯಂಥದ್ದು ಇರುತ್ತದೆ. ಗಾಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಈ ಟೋಪಿಯ ಮೂಲಕ ಹೊರಹೋಗುತ್ತದೆ. ಅದು ಕಟ್ಟಿಕೊಂಡರೆ ವೆಯ್ಟ್ ಏಳದ ಕುಕ್ಕರಿನ ಕಥೆಯೇ. ಒತ್ತಡಕ್ಕೆ ಯಾವ ಸೀಲ್ ದುರ್ಬಲವೋ ಅದರಿಂದ ಆಯಿಲ್ ಹೊರಗೆ. ನಮ್ಮ ಕಡೆ ಕೆಸರು, ಒಣಗಿದ ಗ್ರೀಸ್, ಸಾಲದ್ದಕ್ಕೆ ಕುಂಬಾರ ಹುಳು, ಎಲ್ಲವೂ ಆ ತೂತನ್ನು ಮುಚ್ಚಲು ಕಾದಿರುತ್ತವೆ. ಕೆಲವು ಗಾಡಿಗಳಲ್ಲಿ ಪೇಂಟ್ ಹೊಡೆದವರೇ ಮುಚ್ಚಿರುತ್ತಾರೆ.

ಮುಚ್ಚಿದ ಬ್ರೀದರ್ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಘಾಟಿ ಹತ್ತಿ ಬಿಸಿಯಾದ ಹೌಸಿಂಗನ್ನು ಹಳ್ಳದ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್‌ನಿಂದ ಗಾಳಿ ಸಿಗದಿದ್ದರೆ ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಲೆವೆಲ್ ಪ್ಲಗ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣದ ಆಯಿಲ್ ಕಂಡರೆ ಒಳಗೆ ನೀರು ಸೇರಿದೆ. ಅದನ್ನು ಪೂರ್ತಿ ಇಳಿಸಿ ಹೊಸತು ತುಂಬಬೇಕು, ಟಾಪ್ ಅಪ್ ಮಾಡಿ ಉಪಯೋಗವಿಲ್ಲ.

ಪರೀಕ್ಷೆ ಸುಲಭ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಬಿಸಿ ಇರುವಾಗಲೇ ಲೆವೆಲ್ ಪ್ಲಗ್ಗನ್ನು ಮೆಲ್ಲಗೆ ಸಡಿಲಿಸಿ. ಮುಖ ಆಚೆ ಇರಲಿ. 'ಪುಸ್' ಎಂದು ಗಾಳಿ ಬಂದರೆ ಬ್ರೀದರ್ ಕಟ್ಟಿದೆ. ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು, ಬಾಯಲ್ಲಲ್ಲ, ಪಂಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ. ಹಳ್ಳ ದಾಟುವ ಗಾಡಿಯಾದರೆ ಟೋಪಿ ತೆಗೆದು ಆಯಿಲ್ ತಡೆಯುವ ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರಕ್ಕೆ ಒಯ್ದು ಕಟ್ಟಿ. ಸೋರಿಕೆ ಇದರಿಂದಲೇ ನಿಲ್ಲುವುದುಂಟು. ನಿಲ್ಲದಿದ್ದರೂ ಮುಂದೆ ಹಾಕುವ ಹೊಸ ಸೀಲ್ ಉಳಿಯುತ್ತದೆ.

4. ತೊಳೆದು, ಪೌಡರ್ ಹಾಕಿ, ಓಡಿಸಿ

ವರ್ಷಗಳ ಆಯಿಲ್, ಮಣ್ಣು ಮೆತ್ತಿಕೊಂಡಿರುವ ಗಾಡಿಯಡಿ ನಿಂತು ಸೋರಿಕೆ ಹುಡುಕಿದರೆ ಸಿಗುವುದು ಬರೀ ಊಹೆ. ಡೀಸೆಲ್ ಮತ್ತು ಬ್ರಷ್ಷಿನಿಂದ ಮೆತ್ತಿದ್ದನ್ನು ಎಬ್ಬಿಸಿ, ವಾಟರ್ ಸರ್ವಿಸ್ ಮಾಡಿಸಿ, ಪೂರ್ತಿ ಒಣಗಲು ಬಿಡಿ. ನೀರಿನ ಪೈಪನ್ನು ಬ್ರೀದರಿಗೂ ಸೀಲಿನ ಬಾಯಿಗೂ ನೇರ ಹಿಡಿಯದಂತೆ ಹುಡುಗರಿಗೆ ಹೇಳಿ.

ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿ. ಮೊದಲು ಎಂಜಿನ್ ಚಾಲೂ ಇಟ್ಟು ನಿಂತಲ್ಲೇ ಹತ್ತು ನಿಮಿಷ ನೋಡಿ, ಆಮೇಲೆ ಸ್ವಲ್ಪ ದೂರ ಓಡಿಸಿ ನೋಡಿ, ಕೊನೆಗೆ ಏರು, ಲೋಡು, ಫೋರ್ ವೀಲ್ ಎಲ್ಲ ಸೇರಿಸಿ. ನಿಂತಲ್ಲೇ ಒದ್ದೆಯಾದರೆ ಎಂಜಿನ್ ಅಥವಾ ಗೇರ್ ಬಾಕ್ಸಿನ ಮುಂಭಾಗ. ಓಡಿದ ಮೇಲೆ ಮಾತ್ರ ಆದರೆ ಪ್ರೊಪೆಲ್ಲರ್ ಶಾಫ್ಟಿನ ಕಡೆಯ ಸೀಲುಗಳು, ಹೌಸಿಂಗ್‌ಗಳು. ಓಡದೆ ರಾತ್ರಿಯೆಲ್ಲ ನಿಂತಾಗ ಮಾತ್ರ ಬಿದ್ದರೆ ಲೆವೆಲ್‌ಗಿಂತ ಕೆಳಗಿರುವ ಪ್ಯಾಕಿಂಗ್ (ಕವರಿನ ಅಂಚಿನಡಿ ಕೂರುವ ಗ್ಯಾಸ್ಕೆಟ್), ಡ್ರೈನ್ ಪ್ಲಗ್, ಬೋಲ್ಟ್ ತೂತು.

ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಹನಿ ಬೀಳುವ ಜಾಗ ನೋಡಬೇಡಿ. ಒದ್ದೆಯ ಅತಿ ಮುಂದಿನ, ಅತಿ ಮೇಲಿನ ತುದಿ ಹುಡುಕಿ. ಎಂಜಿನ್ನಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್‌ನಿಂದ ಇಳಿದ ಎಂಜಿನ್ ಆಯಿಲ್ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಮೇಲೆ ಹರಿದು ಗೇರ್ ಬಾಕ್ಸನ್ನೆಲ್ಲ ತೋಯಿಸಿ, ಟ್ರಾನ್ಸ್‌ಫರ್ ಕೇಸಿನ ಬುಡದಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಬಿಲ್ ಮಾತ್ರ ಟ್ರಾನ್ಸ್‌ಫರ್ ಕೇಸಿನ ಹೆಸರಿಗೆ ಬರುತ್ತದೆ.

5. ಒಂದೊಂದೇ ಜಾಗ

ಬೆಲ್ ಹೌಸಿಂಗ್ ಬುಡದ ತೂತಿನಿಂದ ಹನಿ ಬೀಳುತ್ತಿದ್ದರೆ ಆರೋಪಿಗಳು ಇಬ್ಬರು. ಎಂಜಿನ್ನಿನ ಹಿಂದಿನ ಸೀಲ್, ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಕವರ್. ಇಲ್ಲಿ ವಾಸನೆಯೇ ಸಾಕ್ಷಿ. ಕ್ಲಚ್ ಜಾರುತ್ತಿದ್ದರೆ ಪ್ಲೇಟಿಗೂ ಆಯಿಲ್ ತಾಗಿರಬಹುದು. ಹೇಗೂ ಗೇರ್ ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಎರಡನ್ನೂ ಮುಗಿಸಿಬಿಡಿ.

ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಲೇ ಇದೆ, ಹೊರಗೆ ಒಂದು ಹನಿಯೂ ಇಲ್ಲ. ಇದು ಜೀಪಿನವರನ್ನು ಹುಚ್ಚು ಹಿಡಿಸುವ ಸಮಸ್ಯೆ. ಟ್ರಾನ್ಸ್‌ಫರ್ ಕೇಸಿನ ಲೆವೆಲ್ ಪ್ಲಗ್ ಬಿಚ್ಚಿ, ಕೆಳಗೆ ಡಬ್ಬಿ ಹಿಡಿದುಕೊಂಡೇ. ಆಯಿಲ್ ಧಾರೆಯಾಗಿ ಹೊರಬಂದರೆ ಎರಡು ಪೆಟ್ಟಿಗೆಗಳ ನಡುವಿನ ತಡೆ ಸವೆದಿದೆ, ಒಂದರ ಆಯಿಲ್ ಇನ್ನೊಂದಕ್ಕೆ ದಾಟುತ್ತಿದೆ ಎಂದು ತಿಳಿಯಿರಿ. ತುಂಬಿ ತುಳುಕಿದ ಟ್ರಾನ್ಸ್‌ಫರ್ ಕೇಸ್ ತನ್ನ ಸೀಲುಗಳಿಂದ ಸೋರಲು ಶುರುಮಾಡುತ್ತದೆ, ಒಣಗಿದ ಗೇರ್ ಬಾಕ್ಸ್ ಸದ್ದು ಮಾಡುತ್ತದೆ. ಟ್ರಾನ್ಸ್‌ಫರ್ ಕೇಸಿಗೆ ಎಷ್ಟು ಸಲ ಹೊಸ ಸೀಲ್ ಹಾಕಿದರೂ ಇದು ಗುಣವಾಗದು. ಜಿಪ್ಸಿಯಲ್ಲಿ ಪೆಟ್ಟಿಗೆಗಳು ದೂರ ಇರುವುದರಿಂದ ಈ ರೋಗವೇ ಇಲ್ಲ.

ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಹೋದರೆ ಮೊದಲು ಗೊತ್ತಾಗುವುದು ಹ್ಯಾಂಡ್ ಬ್ರೇಕ್ ಹಿಡಿಯದಿದ್ದಾಗ. ಡ್ರಮ್ ಒಳಗೇ ಆಯಿಲ್ ತುಂಬಿ ಬ್ರೇಕ್ ಲೈನರ್ ನೆನೆಯುತ್ತದೆ. ಹ್ಯಾಂಡ್ ಬ್ರೇಕ್ ಟೈಟ್ ಮಾಡಿಸಿದರೂ ನಿಲ್ಲುತ್ತಿಲ್ಲ ಎನ್ನುವವರು ಡ್ರಮ್ ಬಿಚ್ಚಿಸಿ ನೋಡಬೇಕು. ಕೆಳಗಿನ ಕವರಿನ ಪ್ಯಾಕಿಂಗ್, ಗೇರ್ ಲಿವರ್ ರಾಡುಗಳ ಸೀಲ್, ನಡುವಿನ ಶಾಫ್ಟಿನ ಹಿಂತುದಿ ಇವನ್ನೂ ಒರೆಸಿ ನೋಡಿ. ಕೇಸಿನೊಳಕ್ಕೆ ತೂತು ಹೋಗುವ ಬೋಲ್ಟುಗಳಿದ್ದರೆ ಥ್ರೆಡ್ಡಿಗೆ ಸೀಲಂಟ್ ಹಚ್ಚದೆ ಹಾಕಿದಾಗ ಥ್ರೆಡ್ಡಿನ ಉದ್ದಕ್ಕೂ ಆಯಿಲ್ ಬರುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಹೌಸಿಂಗ್‌ಗೆ ಸೇರುವ ಕಡೆಯ ಗೇರ್ ಶಾಫ್ಟೇ ಪಿನಿಯನ್. ಅದರ ಸೀಲ್ ಸೋರಿಕೆಗೆ ಒಂದು ಗುರುತು ಇದೆ. ತಿರುಗುವ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಜೋಡಣೆ) ಆಯಿಲನ್ನು ಸುತ್ತಲೂ ಎರಚುವುದರಿಂದ ಮೇಲಿನ ಬಾಡಿಯ ತಳದಲ್ಲಿ ಅಡ್ಡಗೆರೆ ಎಳೆದ ಹಾಗೆ ಕಲೆ ಕಾಣುತ್ತದೆ. ಬರೀ ಕೆಳಗೆ ಒದ್ದೆಯಿದ್ದು ಮೇಲೆ ಗೆರೆ ಇಲ್ಲದಿದ್ದರೆ ಕವರಿನ ಪ್ಯಾಕಿಂಗ್ ನೋಡಿ.

ಹಿಂದಿನ ಚಕ್ರದ ಒಳಬದಿ, ಬ್ರೇಕ್ ಪ್ಲೇಟಿನ ಬುಡ ಒದ್ದೆಯಿದ್ದರೆ ಡ್ರಮ್ ತೆಗೆಯಿರಿ. ಚಕ್ರದ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದಾಗ ತೆಳು ದ್ರವ ಬಂದರೆ ಬ್ರೇಕ್ ಆಯಿಲ್. ಸಿಲಿಂಡರ್ ಒಣಗಿದ್ದು ಆಕ್ಸಲ್ ಸುತ್ತ ದಪ್ಪ ಆಯಿಲ್ ಇದ್ದರೆ ಸೀಲ್. ಲೈನರ್ ನೆನೆದಿದ್ದರೆ ಪೆಟ್ರೋಲಿನಲ್ಲಿ ತೊಳೆದು, ಸುಟ್ಟು, ಮರಳು ಕಾಗದ ಉಜ್ಜಿ ಮತ್ತೆ ಹಾಕುವ ಪದ್ಧತಿ ಹಲವು ಕಡೆ ಇದೆ. ಬೇಡ. ಒಳಗೆ ಹೀರಿಕೊಂಡ ಆಯಿಲ್ ಬಿಸಿಯಾದಾಗ ಮತ್ತೆ ಹೊರಬರುತ್ತದೆ, ಚಾರ್ಮಾಡಿ ಇಳಿಯುವಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡೂ ಬದಿಗೆ ಜೋಡಿಯಾಗಿ ಹೊಸ ಲೈನರ್ ಹಾಕಿಸಿ.

ಮುಂದಿನ ಚಕ್ರದ ಒಳಗಿನ ಗುಂಡಿನ ಮೇಲೆ ತೆಳ್ಳಗೆ ಗ್ರೀಸ್ ಸವರಿದಂತಿದ್ದರೆ ಅದು ಸಹಜ, ಒಣಗಿ ತುಕ್ಕು ಹಿಡಿದಿದ್ದರೇ ಚಿಂತೆ. ಆದರೆ ತೆಳ್ಳಗಿನ ಕಪ್ಪು ದ್ರವ ಹರಿದು ಟೈರ್ ಒಳಬದಿಗೆ ಇಳಿದಿದ್ದರೆ ಹೊರಗೆ ಕಾಣುವ ರಬ್ಬರ್ ಸೀಲನ್ನಷ್ಟೇ ದೂರಬೇಡಿ. ಆಕ್ಸಲ್ ಟ್ಯೂಬಿನ ತುದಿಯಲ್ಲಿ, ಒಳಗೆ ಅಡಗಿರುವ ಸೀಲ್ ಹೋದಾಗ ಹೌಸಿಂಗ್‌ನ ಆಯಿಲ್ ನಕಲ್ ಒಳಗೆ ಬಂದು ಗ್ರೀಸನ್ನು ಕರಗಿಸಿ ಹೊರಡುತ್ತದೆ. ನಕಲ್‌ನ ಪ್ಲಗ್ ಬಿಚ್ಚಿ ಕಡ್ಡಿ ಅದ್ದಿ. ಗ್ರೀಸ್ ಅಂಟಿಕೊಂಡು ಬಂದರೆ ಹೊರಸೀಲ್, ಆಯಿಲ್ ತೊಟ್ಟಿಕ್ಕಿದರೆ ಒಳಸೀಲ್. ಜಿಪ್ಸಿಯಲ್ಲೂ ಇದೇ ಕಥೆ. ಗುಂಡಿನ ಮೇಲ್ಮೈ ತುಕ್ಕಿನಿಂದ ಕುಳಿಬಿದ್ದಿದ್ದರೆ ಹೊಸ ಹೊರಸೀಲನ್ನು ಅದು ಉಜ್ಜಿ ಹರಿದುಹಾಕುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನಕಲ್ ಹೊರಳುವ ಕಿಂಗ್ ಪಿನ್ನಿನ ಆಟವನ್ನೂ (ಸಡಿಲ) ನೋಡಿ.

6. ಸೀಲ್ ಯಾಕೆ ಹೋಯಿತು?

ಜಾಗ ಸಿಕ್ಕಿತು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಕೈಯಲ್ಲಿ ಹಿಡಿದು ತುದಿಯ ಕೀಲುಗಳಾದ ಕ್ರಾಸ್‌ಗಳನ್ನು ತಿರುಚಿ ನೋಡಿ, ಬಿಚ್ಚಿದ ಮೇಲೆ ಫ್ಲ್ಯಾಂಜನ್ನು ಮೇಲೆ ಕೆಳಗೆ ಎತ್ತಿ ನೋಡಿ. ಫ್ಲ್ಯಾಂಜ್ ಅಲುಗಿದರೆ ಬೇರಿಂಗ್ ಸವೆದಿದೆ. ಅಲುಗುವ ಶಾಫ್ಟನ್ನು ಯಾವ ಸೀಲೂ ತಡೆಯಲಾರದು.

ಫ್ಲ್ಯಾಂಜ್ ಹೊರಬಂದ ಮೇಲೆ ಸೀಲ್ ಕೂರುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಹೊಸ ಸೀಲ್ ಅದೇ ಗೀರಿನಲ್ಲಿ ಕೂತು ಸೋರುತ್ತದೆ. ಫ್ಲ್ಯಾಂಜ್ ಬದಲಿಸಿ, ಇಲ್ಲವೇ ತೆಳು ಸ್ಲೀವ್ ಹಾಕಿಸಿ. ಎರಡೂ ಆಗದಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ ಹೊಸ ಜಾಗ ಕೊಡಿ. ಹೊಸ ಸೀಲ್, ಹೊಸ ಫ್ಲ್ಯಾಂಜ್ ಎರಡೂ ಹಾಕಿಯೂ ನಟ್ ಸುತ್ತ ಒದ್ದೆ ಬರುತ್ತಿದ್ದರೆ ಆಯಿಲ್ ಬರುತ್ತಿರುವುದು ಸೀಲಿನಿಂದಲ್ಲ, ಫ್ಲ್ಯಾಂಜ್ ಒಳಗಿನ ಹಲ್ಲುಗಳ ಸಂದಿಯಿಂದ. ವಾಷರ್ ಕೂರುವ ಕಡೆ ಹಲ್ಲುಗಳಿಗೆ ಸ್ವಲ್ಪ ಸೀಲಂಟ್ ಹಚ್ಚಿದರೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಸೀಲುಗಳನ್ನು ಕಿತ್ತು ಎಸೆದವರು ಬಹಳ.

ಸೀಲಿನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗಿರಬೇಕು. ಬಾಯಿಗೆ ಗ್ರೀಸ್ ಸವರಿ, ಒಂದೇ ಬದಿಗೆ ಸುತ್ತಿಗೆ ಕೊಡದೆ ಸರಿಯಾದ ಗಾತ್ರದ ಪೈಪ್ ತುಂಡು ಇಟ್ಟು ಸಮನಾಗಿ ಇಳಿಸಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೀಲ್ ಆದರೆ ತುಟಿಯನ್ನು ಬೆರಳಲ್ಲಿ ಮಡಚಿ ನೋಡಿ, ಗಟ್ಟಿಯಾಗಿದ್ದರೆ ವಾಪಸ್ ಕೊಡಿ. ಪಿನಿಯನ್ ನಟ್ ಬಿಚ್ಚುವ ಮೊದಲು ನಟ್, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಗುರುತು ಹಾಕಿ. ಬೇರಿಂಗ್ ಬಿಗಿತಕ್ಕೆ ಅಮುಕುವ ಸ್ಪೇಸರ್ ಇರುವ ಹೌಸಿಂಗ್ ಆದರೆ ನಟ್ಟನ್ನು ಕಣ್ಣುಮುಚ್ಚಿ ಬಿಗಿದರೆ ಬೇರಿಂಗೇ ಹೋಗುತ್ತದೆ.

ಆಯಿಲ್ ಬಗ್ಗೆ ಒಂದು ಮಾತು

90 ನಂಬರ್ ಆಯಿಲ್ ಬದಲು ಅದಕ್ಕಿಂತ ದಪ್ಪನೆಯ 140 ಹಾಕಿದರೆ ಸೋರಿಕೆ ತಗ್ಗುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಡಿಸೆಂಬರಿನ ಬೆಳಗ್ಗೆ ಗೇರ್ ಹಾಕಲು ಕೈನೋವು, ಮೂಲ ಕಾರಣ ಹಾಗೇ. ಹೌಸಿಂಗ್‌ಗೆ ಗ್ರೀಸ್ ತುಂಬುವವರೂ ಇದ್ದಾರೆ. ಹಲ್ಲುಗಳು ಗ್ರೀಸನ್ನು ಬದಿಗೆ ತಳ್ಳಿ ಕಾಲುವೆ ಮಾಡಿಕೊಳ್ಳುತ್ತವೆ, ಅದು ಮತ್ತೆ ಹರಿದು ಬರುವುದಿಲ್ಲ, ಬೇರಿಂಗ್ ಒಣಗಿ ಸಾಯುತ್ತದೆ. ಹೌಸಿಂಗ್‌ಗೆ ಜಿಎಲ್-5 (ಡಬ್ಬಿಯ ಮೇಲೆ ಬರೆದಿರುವ ಗೇರ್ ಆಯಿಲ್ ದರ್ಜೆ) ಸರಿ. ಹಿತ್ತಾಳೆ ರಿಂಗುಗಳಿರುವ ಹಳೆ ಗೇರ್ ಬಾಕ್ಸಿಗೆ ಜಿಎಲ್-4 ಹಾಕುವುದು ವಾಸಿ, ಜಿಎಲ್-5ರ ಕೆಲವು ರಾಸಾಯನಿಕಗಳು ಹಿತ್ತಾಳೆಗೆ ಒಗ್ಗುವುದಿಲ್ಲ. ಇಳಿಸಿದ ಆಯಿಲನ್ನು ಬಿಳಿ ಡಬ್ಬಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಡ್ರೈನ್ ಪ್ಲಗ್ಗಿನಲ್ಲಿ ಬೂದು ಬಣ್ಣದ ನುಣ್ಣನೆ ಹಿಟ್ಟು ಇದ್ದರೆ ಮಾಮೂಲು ಸವೆತ. ಚೂರುಗಳು ಸಿಕ್ಕರೆ ಸೋರಿಕೆಯ ವಿಷಯ ಪಕ್ಕಕ್ಕಿಟ್ಟು ಒಳಗೆ ಏನು ಮುರಿದಿದೆ ನೋಡಿಸಬೇಕು.

ಕೆಲಸ ಮುಗಿಸಿ ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ರಟ್ಟು ಹಾಸಿ, ಲೆವೆಲ್ ನೋಡಿ, ಹೊಸ ಪ್ಯಾಕಿಂಗ್ ಹಾಕಿದ ಕವರಿನ ಬೋಲ್ಟುಗಳನ್ನು ಒಂದು ಸುತ್ತು ಪರೀಕ್ಷಿಸಿ. ಲೆವೆಲ್ ಪ್ಲಗ್ಗುಗಳ ತಲೆ ಸವೆದು ಸ್ಪ್ಯಾನರ್ ಜಾರುತ್ತಿದ್ದರೆ ಇದೇ ಸಲ ಹೊಸತು ಹಾಕಿಸಿಬಿಡಿ. ಬಿಚ್ಚಲು ಕಷ್ಟವಾಗುವ ಪ್ಲಗ್ಗನ್ನು ಯಾರೂ ಬಿಚ್ಚಿ ನೋಡುವುದಿಲ್ಲ.